ಬಣ್ಣ ಹೋದ ಮೇಲೆ ನೀರಿನಲ್ಲಿ ಉಳಿಯುವುದೇನು?

2025 ನವೆಂಬರ್ 16, ಭಾನುವಾರ
ಬೆಂಗಳೂರು

2025ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಲೋಹದ ಅಯಾನುಗಳನ್ನು ಸಾವಯವ ಅಣುಗಳಿಂದ ಜೋಡಿಸಿದ ರಂಧ್ರಮಯ ಹರಳುಗಳಾದ ಲೋಹ-ಸಾವಯವ ಚೌಕಟ್ಟುಗಳ ಕೆಲಸಕ್ಕಾಗಿ ಸುಸುಮು ಕಿಟಗಾವಾ, ರಿಚರ್ಡ್ ರಾಬ್ಸನ್ ಮತ್ತು ಒಮರ್ ಯಾಘಿ ಅವರಿಗೆ ಸಂದ ಮೇಲೆ ನಮ್ಮ ವಿಭಾಗದ ವಿದ್ಯಾರ್ಥಿಗಳಲ್ಲಿ ರಂಧ್ರಮಯ ವಸ್ತುಗಳ ಬಗ್ಗೆ ಹೊಸ ಹುರುಪು ಬಂದಿದೆ. ತೆಂಗಿನ ಕರಟದ ಸಕ್ರಿಯ ಇದ್ದಿಲನ್ನು ಕಡಲಪಾಚಿಯಿಂದ ಸಿಗುವ ಆಲ್ಜಿನೇಟ್‌ನೊಂದಿಗೆ ಬೆರೆಸಿ ಮಣಿ ಮಾಡಿರುವ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ನಿನ್ನೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ದ್ರಾವಣ ತಿಳಿಯಾದುದನ್ನು ತೋರಿಸಿ, "ಸರ್, ಇದನ್ನು ವೃಷಭಾವತಿ ನದಿಯ ನೀರಿಗೇ ಹಾಕಿ ನೋಡೋಣವೇ?" ಎಂದು ಕೇಳಿದಳು. ಖಂಡಿತ ನೋಡಬೇಕು, ಆದರೆ ಏನನ್ನು ಅಳೆಯಬೇಕು ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು.

ಸಕ್ರಿಯ ಇದ್ದಿಲಿನ ಒಂದು ಗ್ರಾಂ ಪುಡಿಯಲ್ಲಿ 500ರಿಂದ 1500 ಚದರ ಮೀಟರ್‌ವರೆಗೆ ಒಳಮೈ ಇರುತ್ತದೆ, ಸಾವಯವ ಅಣುಗಳು ಆ ಮೈಗೆ ಅಂಟಿಕೊಳ್ಳುತ್ತವೆ. ಕಷ್ಟವಿರುವುದು ಆ ಪುಡಿಯನ್ನು ನೀರಿನಿಂದ ಮತ್ತೆ ಹೊರತೆಗೆಯುವುದರಲ್ಲಿ. ಅದಕ್ಕಾಗಿಯೇ ಪುಡಿಯನ್ನು ಸೋಡಿಯಂ ಆಲ್ಜಿನೇಟ್ ದ್ರಾವಣದಲ್ಲಿ ಕಲಸಿ, ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಹನಿಹನಿಯಾಗಿ ಬಿಡುತ್ತೇವೆ. ಹನಿ ಬಿದ್ದೊಡನೆ ಸಬ್ಬಕ್ಕಿಯಂಥ ಮಣಿಯಾಗಿ ಗಟ್ಟಿಯಾಗುತ್ತದೆ. ಪುಡಿಯಾಗಿಯೇ ದೊರೆಯುವ ಲೋಹ-ಸಾವಯವ ಚೌಕಟ್ಟುಗಳಿಗೂ ಇಂಥದೊಂದು ಆಸರೆ ಬೇಕು. ಹೀಗೆ ಎರಡು ವಸ್ತು ಬೆರೆಸಿ ಮಾಡಿದ ಸಂಯುಕ್ತ ವಸ್ತುವಿನ ನಿಜವಾದ ಉಪಯೋಗ ಇದೇ ಎಂದು ನನ್ನ ನಂಬಿಕೆ.

ಆದರೆ ಮೆಥಿಲೀನ್ ಬ್ಲೂ ತೀರಾ ಅನುಕೂಲದ ಬಣ್ಣ. ಅದರದು ಧನಾವೇಶ, ಆಲ್ಜಿನೇಟ್‌ನದು ಋಣಾವೇಶ. ಆಕರ್ಷಣೆ ತಾನಾಗಿ ಒದಗುತ್ತದೆ. ಹತ್ತಿ ಬಟ್ಟೆಗೆ ಹಾಕುವ ರಿಯಾಕ್ಟಿವ್ ಬಣ್ಣಗಳಲ್ಲಿ ಸಲ್ಫೋನೇಟ್ ಗುಂಪುಗಳಿರುವುದರಿಂದ ಅವುಗಳದೂ ಋಣಾವೇಶವೇ, ಹಾಗಾಗಿ ಇದೇ ಮಣಿ ಅವುಗಳನ್ನು ದೂರ ತಳ್ಳುತ್ತದೆ. ಅಲ್ಲದೆ ಬಣ್ಣ ಹಾಕುವ ಘಟಕದ ನೀರಿನಲ್ಲಿ ಉಪ್ಪು ಹೇರಳವಾಗಿರುತ್ತದೆ. ಅದರ ಸೋಡಿಯಂ ಮಣಿಯೊಳಗಿನ ಕ್ಯಾಲ್ಸಿಯಂನ ಜಾಗಕ್ಕೆ ಬಂದು ಕೂರುತ್ತಿದ್ದಂತೆ ಮಣಿ ಉಬ್ಬಿ ಮೆತ್ತಗಾಗುತ್ತದೆ. ಸಿಗಡಿ ಚಿಪ್ಪಿನಿಂದ ಸಿಗುವ ಕೈಟೋಸಾನ್ ಬಳಸಿದರೆ ಆವೇಶದ ಸಮಸ್ಯೆ ನೀಗುತ್ತದೆಯಾದರೂ ಅದರ ಧನಾವೇಶ ಆಮ್ಲೀಯ ನೀರಿನಲ್ಲಷ್ಟೇ ಉಳಿಯುತ್ತದೆ. ಸೋಡಾ ಬೆರೆತ ಬಣ್ಣದ ನೀರೋ ಪ್ರತ್ಯಾಮ್ಲೀಯ. ಮೊದಲು ಅದರ ಪಿಎಚ್ ಇಳಿಸದೆ ಕೈಟೋಸಾನ್‌ನಿಂದ ಹೆಚ್ಚೇನೂ ನಿರೀಕ್ಷಿಸುವಂತಿಲ್ಲ.

ಬಸವನಗುಡಿಯ ಕಡೆ ಹುಟ್ಟಿ, ಮೈಸೂರು ರಸ್ತೆಯ ಪಕ್ಕದಲ್ಲಿ ಹರಿದು, ಬಿಡದಿ ಸಮೀಪದ ಬೈರಮಂಗಲ ಕೆರೆ ಸೇರುವ ವೃಷಭಾವತಿಯಲ್ಲಿ ಮನೆಗಳ ಕೊಳಚೆ, ಮಾರ್ಜಕ, ಕಾರ್ಖಾನೆಗಳ ತ್ಯಾಜ್ಯ ಎಲ್ಲವೂ ಬೆರೆತಿವೆ. ಮೈಗೆ ಎಷ್ಟು ಅಣುಗಳು ಅಂಟುತ್ತವೆಂದು ಲೆಕ್ಕ ಹಾಕುವ 1918ರ ಲ್ಯಾಂಗ್‌ಮ್ಯೂರ್ ಸಮೀಕರಣವು ಅಣುಗಳು ಒಂದೇ ಪದರವಾಗಿ, ಸಮಾನವಾದ ತಾಣಗಳಲ್ಲಿ ಕೂರುತ್ತವೆಂದು ಊಹಿಸುತ್ತದೆ; ಇಂಥ ನೀರಿನಲ್ಲಿ ನೂರಾರು ಬಗೆಯ ಅಣುಗಳು ಅದೇ ತಾಣಕ್ಕೆ ಪೈಪೋಟಿ ನಡೆಸುತ್ತವೆ. ಕರಟದ ಇದ್ದಿಲಿನ ರಂಧ್ರಗಳು ಬಹುಪಾಲು 2 ನ್ಯಾನೋಮೀಟರ್‌ಗಿಂತ ಕಿರಿದಾದ್ದರಿಂದ, ಕೊಳೆತ ಎಲೆ-ಮಣ್ಣಿನಿಂದ ಬರುವ ಹ್ಯೂಮಿಕ್ ಆಮ್ಲದ ದೊಡ್ಡ ಅಣುಗಳು ಒಳಹೋಗಲಾರದೆ ಬಾಯಲ್ಲೇ ಕುಳಿತು ದಾರಿ ಮುಚ್ಚುತ್ತವೆ. ಆದ್ದರಿಂದ ನದಿಯ ಹಸಿ ನೀರಿಗೆ ಈ ಮಣಿ ಹಾಕುವುದು ವಸ್ತುವಿನ ಅಪವ್ಯಯ. ಜೈವಿಕ ಸಂಸ್ಕರಣೆ ಮುಗಿದ ನೀರಿನಲ್ಲಿ, ಸೂಕ್ಷ್ಮಾಣುಗಳು ಅಷ್ಟಾಗಿ ಕರಗಿಸಲಾರದ ಕಾರ್ಬಮಜೆಪಿನ್‌ನಂಥ ಔಷಧದ ಶೇಷಗಳನ್ನು ಹಿಡಿಯಲು ಅದು ತಕ್ಕದ್ದು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ಎರಡನೆಯ (ಜೈವಿಕ) ಹಂತದವರೆಗೆ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳನ್ನು ತುಂಬುತ್ತಿರುವಾಗ, ಈ ಕೊನೆಯ ಹಂತವನ್ನು ನಾವು ಹಗುರವಾಗಿ ಕಾಣಬಾರದು.

ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಬೇರೆ: ತುಂಬಿದ ಮಣಿಯನ್ನು ಏನು ಮಾಡುವುದು? ಅಂಟಿಕೊಂಡ ವಿಷ ನಾಶವಾಗಿಲ್ಲ, ಜಾಗ ಬದಲಿಸಿದೆ ಅಷ್ಟೆ. ಇದ್ದಿಲನ್ನು ಹೆಚ್ಚಿನ ಶಾಖದಲ್ಲಿ ಮತ್ತೆ ಸಜ್ಜುಗೊಳಿಸಬಹುದು, ಆಲ್ಜಿನೇಟ್ ಮಾತ್ರ ಆ ಶಾಖಕ್ಕೆ ಸುಟ್ಟುಹೋಗುತ್ತದೆ. ಎಥನಾಲ್‌ನಿಂದ ತೊಳೆದರೆ ತೊಳೆದ ದ್ರವವೇ ಹೊಸ ತ್ಯಾಜ್ಯ. ಮಣಿಯೊಳಗೆ ಟೈಟಾನಿಯಂ ಡೈಆಕ್ಸೈಡ್ ಸೇರಿಸಿ ಬೆಳಕಿನಿಂದ ಅಣುಗಳನ್ನು ಒಡೆಯುವ ಮಾರ್ಗವಿದೆ. ಅದಕ್ಕೆ ಸುಮಾರು 387 ನ್ಯಾನೋಮೀಟರ್‌ಗಿಂತ ಕಡಿಮೆ ತರಂಗಾಂತರದ ನೇರಳಾತೀತ ಬೆಳಕು ಬೇಕು, ಬಿಸಿಲಿನಲ್ಲಿ ಅದರ ಪಾಲು ತೀರಾ ಕಡಿಮೆ. ಕಬ್ಬಿಣದ ಆಕ್ಸೈಡ್ ಸೇರಿಸಿ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಅಣುಗಳನ್ನು ಒಡೆಯುವ ಫೆಂಟನ್ ಕ್ರಿಯೆ ನಮ್ಮ ಪ್ರಯೋಗಾಲಯಕ್ಕೆ ಹೆಚ್ಚು ಕೈಗೆಟುಕುವಂಥದ್ದು. ಅಲ್ಲಿಯೂ ಮೆಥಿಲೀನ್ ಬ್ಲೂ ಬೆಳಕನ್ನು ಹೆಚ್ಚು ಹೀರುವ 664 ನ್ಯಾನೋಮೀಟರ್‌ನಲ್ಲಿ ಬಣ್ಣ ಇಳಿದುದನ್ನಷ್ಟೇ ನೋಡಿದರೆ ಸಾಲದು, ಏಕೆಂದರೆ ಅಣು ಅರ್ಧ ಒಡೆದರೂ ಬಣ್ಣ ಹೋಗುತ್ತದೆ, ಉಳಿದ ತುಣುಕುಗಳು ಕಣ್ಣಿಗೆ ಕಾಣದೆ ನೀರಿನಲ್ಲೇ ಇರುತ್ತವೆ. ಒಟ್ಟು ಸಾವಯವ ಇಂಗಾಲವನ್ನು ಅಳೆಯಬೇಕು.

ನಾಳೆ ಆ ವಿದ್ಯಾರ್ಥಿನಿಗೆ ಹೇಳಬೇಕಾದದ್ದು: ಫ್ಲಾಸ್ಕ್ ಬಿಟ್ಟು ಮಣಿ ತುಂಬಿದ ಗಾಜಿನ ಕೊಳವೆ, ಅಂದರೆ ಕಾಲಂ ಕಟ್ಟಬೇಕು, ಸಂಸ್ಕರಿಸಿದ ನೀರನ್ನೇ ತಂದು ನಿಧಾನವಾಗಿ ಹಾಯಿಸಬೇಕು, ಅದೇ ಮಣಿಗಳನ್ನು ತೊಳೆದು ಮತ್ತೆ ಬಳಸಿ ಪ್ರತಿ ಸುತ್ತಿನಲ್ಲೂ ಹಿಡಿತ ಎಷ್ಟು ಕುಗ್ಗಿತೆಂದು ಬರೆದುಕೊಳ್ಳಬೇಕು.