ಫೋನಲ್ಲಿದೆ, ಮೇಲಿಲ್ವಲ್ಲೇ

ನಾನು ನಾರ್ವೆಯ ಟ್ರೊಮ್ಸೊದಲ್ಲಿದ್ದೇನೆ ಅಂದ ಕೂಡಲೇ ಬರುವ ಪ್ರಶ್ನೆ ಒಂದೇ, ಇಲ್ಲಿನ ರಾತ್ರಿ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು ಅರೋರಾದ್ದು. 'ಅರೋರಾ ಫೋಟೋದಲ್ಲಿ ಇರೋ ಹಾಗೇ ಕಾಣುತ್ತಾ?' ಮದುವೆಮನೆ ಪಂಕ್ತಿಯಲ್ಲಿ ಪಕ್ಕದ ಎಲೆಯವರೂ ಕೇಳಿದ್ದಾರೆ. ಬಾಯಿ ನೋಯುತ್ತಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಇಲ್ಲ. ಹೆಚ್ಚಿನ ರಾತ್ರಿಗಳಲ್ಲಿ ಹಾಗೆ ಕಾಣುವುದಿಲ್ಲ. ಮಂದ ಬೆಳಕಲ್ಲಿ ನಮ್ಮ ಕಣ್ಣಿಗೆ ಬಣ್ಣ ಹತ್ತುವುದಿಲ್ಲ. ಕ್ಯಾಮೆರಾ ಕೆಲವು ಸೆಕೆಂಡು ಬೆಳಕು ಕೂಡಿಟ್ಟುಕೊಳ್ಳುತ್ತದೆ, ಕಣ್ಣಿಗೆ ಅದು ಬರದು. ಜೋರಾಗಿ ಬಂದರೆ ಬರಿಗಣ್ಣಿಗೂ ಹಸಿರು, ಅಂಚಲ್ಲಿ ಗುಲಾಬಿ. 'ಎಷ್ಟು ಗಂಟೆಗೆ ಶುರು?' ಅಂತ ಕೇಳಬೇಡಿ. ಇದೇನು ಬಯಲಾಟವೇ?

ಒಂದು ಡಿಸೆಂಬರಲ್ಲಿ ಸೋದರಮಾವ ಬಂದಿದ್ದರು. ಎರಡು ರಾತ್ರಿ ಮೋಡ. ಮೂರನೇ ರಾತ್ರಿ ಪ್ರೆಸ್ಟ್‌ವಾನೆ ಕೆರೆ ಹತ್ತಿರ ನಿಂತೆವು. ಮಂಕಿ ಕ್ಯಾಪ್ ಮೇಲೆ ಇನ್ನೊಂದು ಟೋಪಿ. ಗುಡ್ಡದ ಮೇಲೆ ಬೂದು ಪಟ್ಟಿ ಎದ್ದಿತು.

'ಮಾವ, ಅದೇ!'

'ಯಾವುದೇ? ಆ ಮೋಡನಾ?'

ಫೋನಲ್ಲಿ ತೆಗೆದು ತೋರಿಸಿದೆ. ಗಿಳಿ ಹಸಿರು. ಮಾವ ಫೋನ್ ನೋಡಿದರು, ಆಕಾಶ ನೋಡಿದರು. 'ಫೋನಲ್ಲಿದೆ, ಮೇಲಿಲ್ವಲ್ಲೇ!' ನಾನೇ ಮೋಸ ಮಾಡಿದ ಹಾಗೆ. ಸೂರ್ಯನಿಂದ ಹೊರಟ ಕಣಗಳು ಇಲ್ಲಿಂದ 100 ಕಿಲೋಮೀಟರಿಗೂ ಮೇಲೆ ಆಮ್ಲಜನಕಕ್ಕೆ ಬಡಿದರೆ ಹಸಿರು ಬೆಳಕು ಅಂತೆಲ್ಲ ಹೇಳಿದೆ. 'ಅದೆಲ್ಲ ಸರಿ, ಹಸಿರೆಲ್ಲಿ?' ಅಂದು ಕೈ ಬೆಚ್ಚಗೆ ಮಾಡಿಕೊಳ್ಳಲು ಕಾರಿಗೆ ಹೋದರು.

ಆಗಲೇ ಬಂತು ನೋಡಿ. ತಂತಿ ಮೇಲಿನ ಸೀರೆ ಗಾಳಿಗೆ ಹಾರಿದಂತೆ ಆಕಾಶದುದ್ದ ಅಚ್ಚ ಹಸಿರು. ನಾನು ಕೂಗಿದೆ. ಕಾರಿನ ಗಾಜು ಏರಿಸಿತ್ತು, ಹೀಟರ್ ಸದ್ದು ಬೇರೆ. ಅವರು ಇಳಿಯುವಷ್ಟರಲ್ಲಿ ಮತ್ತೆ ಬೂದು. ಊರಲ್ಲಿ ಈಗಲೂ 'ಅವಳ ಊರಲ್ಲಿ ಅಂಥದ್ದೇನಿಲ್ಲ' ಅನ್ನುತ್ತಾರಂತೆ. ನಾನೇನು ಮಾಡಲಿ, ಸ್ವಿಚ್ ನನ್ನ ಕೈಲಿದೆಯಾ?

ಮಧ್ಯಾಹ್ನ ಹೇಗಿರುತ್ತೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಇಲ್ಲಿ ಸೂರ್ಯ ಹುಟ್ಟುವುದಿಲ್ಲ. ಹಾಗಂತ ಇಡೀ ದಿನ ಕತ್ತಲೆಯಲ್ಲ. ಮಧ್ಯಾಹ್ನದ ಹೊತ್ತಿಗೆ ಎರಡು ಮೂರು ತಾಸು ನೀಲಿ ಬೆಳಕು. ಹಿಮ, ಗೋಡೆ, ಎದುರು ಬರುವವರ ಮುಖ, ಎಲ್ಲ ನೀಲಿ. ಅರೋರಾಗಿಂತ ನನಗೆ ಇದೇ ಇಷ್ಟ. ಆಮೇಲೆ ನಮ್ಮ ಸಂಕ್ರಾಂತಿ ಕಳೆದು ವಾರಕ್ಕೆ, ಜನವರಿ 21ಕ್ಕೆ, ಸೂರ್ಯ ಮತ್ತೆ ಮುಖ ತೋರುವ 'ಸೂರ್ಯನ ದಿನ'. ಗುಡ್ಡ ಅಡ್ಡ ಇರುವುದರಿಂದ ಅಷ್ಟು ತಡ. ಅವತ್ತು ಆಫೀಸಲ್ಲೂ ಜಾಮ್ ತುಂಬಿ ಕರಿದ ಬನ್ನು ಹಂಚುತ್ತಾರೆ. ಮೋಡವಿದ್ದರೂ ಬನ್ನು ತಪ್ಪದು.

ಸರಿಯಾದ ಪ್ರಶ್ನೆ ಕೇಳಿದ್ದು ಅಜ್ಜಿ ಒಬ್ಬಳೇ. 'ಎರಡು ತಿಂಗಳು ಬಿಸಿಲಿಲ್ಲ ಅಂದ್ರೆ ಬಟ್ಟೆ ಎಲ್ಲಿ ಒಣಗಿಸ್ತೀಯೇ?'

ಒಳಗೇ ಅಜ್ಜಿ, ಹೀಟರ್ ಪಕ್ಕ. ಬೆಳಗ್ಗೆ ಹಪ್ಪಳ ಆಗಿರುತ್ತೆ.