ಪುಶ್ ಬ್ಯಾಕ್ ಎಂದರೆ ಮುಂದೂಡುವುದೇ, ಆಕ್ಷೇಪಿಸುವುದೇ?

ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಅಮೆರಿಕದ ಗ್ರಾಹಕರೊಂದಿಗಿನ ಸಭೆಗಳನ್ನೂ ಗಡುವುಗಳನ್ನೂ ನೋಡಿಕೊಳ್ಳುವ ಕೆಲಸ ನನ್ನದು. ತಂಡಕ್ಕೆ ಹೊಸದಾಗಿ ಸೇರುವವರಿಗೆ ನಾನು ಮೊದಲು ವಿವರಿಸುವ ಇಂಗ್ಲಿಷ್ ಪ್ರಯೋಗ 'ಪುಶ್ ಬ್ಯಾಕ್'. ಬಸ್ಸಿನ ಪುಶ್‌ಬ್ಯಾಕ್ ಸೀಟಿನಿಂದ ಈ ಪದ ನಮಗೆಲ್ಲ ಪರಿಚಿತವೇ ಆದರೂ, ಕಚೇರಿಯ ಆಡುಮಾತಿನಲ್ಲಿ ಅದಕ್ಕೆ ಬೇರೆಯೇ ಎರಡು ಅರ್ಥಗಳಿವೆ.

ಮೊದಲನೆಯದು ಮುಂದೂಡುವುದು. ನಾವು ಸಭೆಯನ್ನು ಮುಂದಕ್ಕೆ ಹಾಕುತ್ತೇವೆ. ಇಂಗ್ಲಿಷಿನವರು ಅದನ್ನೇ ಹಿಂದಕ್ಕೆ ತಳ್ಳುತ್ತಾರೆ. ಗುರುವಾರದ ಸಭೆಯ ಬಗ್ಗೆ 'ಲೆಟ್ಸ್ ಪುಶ್ ಇಟ್ ಬ್ಯಾಕ್ ಟು ಮಂಡೇ' ಎಂದು ಬರೆದಿದ್ದರೆ ಅದು ಮುಂದಿನ ಸೋಮವಾರಕ್ಕೆ ಹೋಯಿತೆಂದು ತಿಳಿಯಬೇಕು. ಇದಕ್ಕಿಂತ ಹೆಚ್ಚು ತೊಡಕು ತರುವುದು ಇದರ ವಿರುದ್ಧಪದ: 'ಮುಂದಕ್ಕೆ ಹಾಕೋಣ' ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು 'ಬ್ರಿಂಗ್ ಫಾರ್ವರ್ಡ್' ಎಂದು ಬರೆದರೆ, ಓದಿದವರು ಸಭೆಯನ್ನು ನಿಗದಿತ ದಿನಕ್ಕಿಂತ ಮೊದಲೇ ನಡೆಸಬೇಕೆಂದು ಸಿದ್ಧರಾಗುತ್ತಾರೆ. ಆ ಅರ್ಥಕ್ಕೆ ನಾವು ಬಳಸುವ 'ಪ್ರೀಪೋನ್' ಭಾರತದ ಹೊರಗೆ ಅನೇಕರಿಗೆ ತಿಳಿಯದು. ಆದ್ದರಿಂದ ಯಾವ ಪದ ಬಳಸಿದರೂ ಹೊಸ ತಾರೀಖು ಮತ್ತು ಗಂಟೆಯನ್ನು ಜೊತೆಗೆ ಬರೆಯಬೇಕೆಂದು ನಾನು ಒತ್ತಾಯಿಸುತ್ತೇನೆ.

ಎರಡನೆಯ ಅರ್ಥ ಹುಟ್ಟುವುದು 'ಆನ್' ಸೇರಿದಾಗ, ಇಲ್ಲವೇ ಏನನ್ನು ತಳ್ಳಬೇಕೆಂದು ಹೇಳದೆ ಬರೀ 'ಪುಶ್ ಬ್ಯಾಕ್' ಎಂದಾಗ. 'ಪುಶ್ ಬ್ಯಾಕ್ ದ ಡೆಡ್‌ಲೈನ್' ಎಂದರೆ ಗಡುವನ್ನು ಮುಂದೂಡುವುದು. 'ಪುಶ್ ಬ್ಯಾಕ್ ಆನ್ ದ ಡೆಡ್‌ಲೈನ್' ಎಂದರೆ ಆ ಗಡುವು ಸರಿಯಲ್ಲವೆಂದು ಆಕ್ಷೇಪಿಸುವುದು. 'ಈ ಗಡುವು ಅಸಾಧ್ಯವೆನಿಸಿದರೆ ಪುಶ್ ಬ್ಯಾಕ್ ಮಾಡಿ' ಎಂದು ಮೇಲಧಿಕಾರಿ ಹೇಳಿದಾಗ, ಹಿರಿಯರ ಮಾತಿಗೆ ಎದುರಾಡಬಾರದೆಂದು ಕಲಿತು ಬಂದ ನಮ್ಮ ಹುಡುಗ ಹುಡುಗಿಯರಿಗೆ ಅದು ಜಗಳಕ್ಕೆ ಕರೆದಂತೆ ಕೇಳಿಸುತ್ತದೆ. ಅವರು ಸುಮ್ಮನೆ ತಲೆಯಾಡಿಸಿ, ರಾತ್ರಿಯೆಲ್ಲ ಕುಳಿತು ದುಡಿಯುತ್ತಾರೆ. ಇದು ನನಗೆ ನಿಜಕ್ಕೂ ನೋವು ಕೊಡುವ ಸಂಗತಿ, ಏಕೆಂದರೆ ಕೇಳಿದವರಿಗೆ ಬೇಕಾಗಿದ್ದುದು ಕಾರಣಸಹಿತವಾದ ಒಂದು ಉತ್ತರ ಮಾತ್ರ. 'ಎರಡೂ ವರದಿಗಳನ್ನು ಶುಕ್ರವಾರವೇ ಕೊಟ್ಟರೆ ಪರೀಕ್ಷೆಗೆ ಸಮಯ ಉಳಿಯುವುದಿಲ್ಲ. ಮೊದಲನೆಯದನ್ನು ಶುಕ್ರವಾರ, ಎರಡನೆಯದನ್ನು ಮುಂದಿನ ಬುಧವಾರ ಕೊಡಬಹುದೇ?' ಎಂದು ಬರೆದರೆ ಅದೇ ಸಂಪೂರ್ಣ ಪುಶ್‌ಬ್ಯಾಕ್. ಅದರಲ್ಲಿ ಆ ಪದ ಬರಬೇಕಾಗಿಯೇ ಇಲ್ಲ.

ಸಹೋದ್ಯೋಗಿಗಳ ನಡುವಿನ ಮಾತಿಗೆ, ಚಾಟ್ ಸಂದೇಶಗಳಿಗೆ ಈ ಪ್ರಯೋಗ ಚೆನ್ನಾಗಿ ಒಪ್ಪುತ್ತದೆ. ಕರಾರುಪತ್ರಗಳಲ್ಲಿ ಮತ್ತು ಹೊಸ ಗ್ರಾಹಕರಿಗೆ ಬರೆಯುವ ಮೊದಲ ಪತ್ರಗಳಲ್ಲಿ ಮಾತ್ರ ನಾನು 'ಪೋಸ್ಟ್‌ಪೋನ್' ಅಥವಾ 'ಅಬ್ಜೆಕ್ಟ್' ಎಂದೇ ತಿದ್ದುತ್ತೇನೆ.