ಪರೀಕ್ಷೆ ಹೊತ್ತಿನ ದೂರದ ಪ್ರೀತಿ

ಮೆಡಿಕಲ್ ಪರೀಕ್ಷೆ ಥಿಯರಿಗೇ ಮುಗಿಯಲ್ಲ. ಪ್ರಾಕ್ಟಿಕಲ್, ವೈವಾ (ಮೌಖಿಕ ಪರೀಕ್ಷೆ) ಅಂತ ಎಳೆಯುತ್ತೆ. ವೇಳಾಪಟ್ಟಿ ಬಂದ ದಿನವೇ ದೂರದಲ್ಲಿರುವವರಿಗೂ ಕಳಿಸಿಬಿಡಿ. ಊಟದ ಹೊತ್ತಿಗೆ 20 ನಿಮಿಷದ ಒಂದು ಫೋನ್ ಸಾಕು. ಮಲಗುವ ಮುಂಚೆ ಬೇಡವೇ ಬೇಡ: ಮಾತು ಬೆಳೆದು ನಿದ್ದೆ ಕೆಡುತ್ತೆ, ನಿದ್ದೆ ಕೆಟ್ಟರೆ ಓದಿದ್ದು ತಲೆಯಲ್ಲಿ ನಿಲ್ಲಲ್ಲ.

ಜಗಳ ಹೆಚ್ಚಾಗಿ ಹುಟ್ಟುವುದು ನೀಲಿ ಟಿಕ್‌ನಿಂದ. ಮೆಸೇಜ್ ನೋಡಿರುತ್ತೀರಿ, ತೋಳಿನ ನರಗಳ ಜಾಲವಾದ ಬ್ರೇಕಿಯಲ್ ಪ್ಲೆಕ್ಸಸ್‌ನ 5 ಬೇರು, 3 ಟ್ರಂಕ್ ಬಿಡಿಸುತ್ತಾ ಉತ್ತರ ಮರೆತಿರುತ್ತೀರಿ. ಆ ಕಡೆಯವರಿಗೆ ಕಾಣುವುದು ಬರೀ ಮೌನ, ಪಾಪ. "ಓದ್ತಿದೀನಿ, ಒಂಬತ್ತಕ್ಕೆ ಮಾಡ್ತೀನಿ" ಅಂತ ಒಂದು ಸಾಲು ಹಾಕಿ, ಒಂಬತ್ತಕ್ಕೆ ಮಾಡಿ.

ವೈವಾ ಹಿಂದಿನ ದಿನ ಉತ್ತರ ಸಮೇತ 10 ಪ್ರಶ್ನೆ ಕಳಿಸಿ, ಅವರೇ ಕೇಳಲಿ. ನೀವು ಎಲ್ಲಿ ತಡವರಿಸುತ್ತೀರೋ ಅದನ್ನು ಗುರುತು ಹಾಕಿಕೊಳ್ಳಲಿ.